ಇಟ್ಟಿಗೆ ಪುಡಿಯ ಮೇಲೆ ಬರೆದ ಹೃದಯ

ಬ್ರೆಜಿಲ್ ಅಂದ ತಕ್ಷಣ ನಿಮಗೆ ಏನು ನೆನಪಾಗುತ್ತೆ? ಫುಟ್‌ಬಾಲ್. ಹಳದಿ ಜೆರ್ಸಿ. ಪೆಲೆ. ಸ್ವಲ್ಪ ವಯಸ್ಸಾದವರಿಗೆ ಜಿಕೊ, ಸಾಕ್ರಟೀಸ್ ನೆನಪಾಗಬಹುದು, ಈಗಿನ ಹುಡುಗರಿಗೆ ನೇಮಾರ್. ಟೆನಿಸ್ ಆಟಗಾರನ ಹೆಸರು ಹೇಳುವವರು ನೂರಕ್ಕೆ ಒಬ್ಬರು ಸಿಕ್ಕರೆ ಹೆಚ್ಚು.

ಈಗ 2016ರ ಆಗಸ್ಟ್ 5ರ ರಾತ್ರಿಗೆ ಬನ್ನಿ. ರಿಯೊ ಡಿ ಜನೈರೊದ ಮರಕಾನಾ ಕ್ರೀಡಾಂಗಣ. ಫುಟ್‌ಬಾಲ್ ಪ್ರಿಯರ ಪಾಲಿಗೆ ಅದು ಗುಡಿ ಇದ್ದ ಹಾಗೆ. ಅಲ್ಲಿ ಒಲಿಂಪಿಕ್ಸ್ ಉದ್ಘಾಟನೆ ನಡೀತಿದೆ. ಆರೋಗ್ಯ ಸರಿ ಇಲ್ಲ ಅಂತ ಪೆಲೆ ಬಂದಿಲ್ಲ. ಹಾಗಾದರೆ ಜ್ಯೋತಿ ಹಿಡಿದುಕೊಂಡು ಆ ಗುಡಿಯ ಒಳಗೆ ಬಂದವನು ಯಾರು? ಇನ್ನೊಬ್ಬ ಫುಟ್‌ಬಾಲ್ ಆಟಗಾರನಾ? ಅಲ್ಲ. ಗುಂಗುರು ಕೂದಲಿನ, ಬಿದಿರುಗಳದ ಹಾಗೆ ಉದ್ದಕ್ಕೆ ಬೆಳೆದ, ಬಾಯಿ ತುಂಬ ನಗುವ ಒಬ್ಬ ಟೆನಿಸ್ ಆಟಗಾರ. ಗುಸ್ತಾವೊ ಕುರ್ಟೆನ್. ಬ್ರೆಜಿಲ್‌ನಲ್ಲಿ ಆ ಪೂರ್ತಿ ಹೆಸರನ್ನು ಯಾರೂ ಹೇಳೋದಿಲ್ಲ. ಅಲ್ಲಿ ಆತ ಬರೀ ‘ಗುಗಾ’. ಆತನ ಕೈಯಿಂದ ಜ್ಯೋತಿ ಬ್ಯಾಸ್ಕೆಟ್‌ಬಾಲ್‌ನ ಹೊರ್ಟೆನ್ಸಿಯಾ ಕೈಗೆ ಹೋಯಿತು, ಅವರಿಂದ ಮ್ಯಾರಥಾನ್ ಓಟಗಾರ ವಾಂಡರ್ಲೆ ಡಿ ಲಿಮಾ ಕೈಗೆ. ಗುಗಾ ಆಟ ನಿಲ್ಲಿಸಿ ಆಗಲೇ ಎಂಟು ವರ್ಷ ಕಳೆದಿತ್ತು. ಆದರೂ ಕ್ರೀಡಾಂಗಣ ಆತನ ಹೆಸರು ಕೂಗಿತು.

ಯಾಕೆ? ಇವತ್ತು ನಾನು ಹೇಳಬೇಕು ಅಂದುಕೊಂಡಿರೋದು ಇದನ್ನೇ. ಬರೀ ಲೆಕ್ಕ ಹಾಕಿದರೆ ಉತ್ತರ ಸಿಗಲ್ಲ. ಗುಗಾ ಗೆದ್ದಿರೋದು ಮೂರು ಗ್ರ್ಯಾಂಡ್ ಸ್ಲಾಂ. ಮೂರೂ ಫ್ರೆಂಚ್ ಓಪನ್, 1997, 2000 ಮತ್ತು 2001ರಲ್ಲಿ. ಅದೇ ಅಂಕಣದಲ್ಲಿ ಬೋರ್ಗ್ ಆರು ಸಲ ಗೆದ್ದರು, ನಡಾಲ್ ಹದಿನಾಲ್ಕು ಸಲ. ಗುಗಾ ವಿಂಬಲ್ಡನ್ ಗೆಲ್ಲಲಿಲ್ಲ, ಅಮೆರಿಕನ್ ಓಪನ್ ಗೆಲ್ಲಲಿಲ್ಲ, ಒಲಿಂಪಿಕ್ಸ್ ಪದಕವೂ ಇಲ್ಲ. ಅಂಕಿ-ಅಂಶ ಮಾತ್ರ ನೋಡುವವರಿಗೆ ಆತ ದೊಡ್ಡವರ ಸಾಲಿನ ಕೊನೇ ಬೆಂಚಿನ ಹುಡುಗ. ಒಂದು ದೇಶ ಅವನನ್ನು ಎತ್ತಿಕೊಂಡು ಕುಣಿದಿದ್ದಕ್ಕೆ ಕಾರಣ ಬೇರೆ ಇದೆ.

ಬ್ರೆಜಿಲ್‌ನ ದಕ್ಷಿಣಕ್ಕೆ ಸಾಂತಾ ಕ್ಯಾಟರೀನಾ ಅನ್ನೋ ರಾಜ್ಯ. ಅದರ ರಾಜಧಾನಿ ಫ್ಲೊರಿಯಾನೊಪೊಲಿಸ್, ಹೆಚ್ಚಿನ ಭಾಗ ಒಂದು ದ್ವೀಪದ ಮೇಲೆ ಇರೋ ಊರು. ಸಮುದ್ರ, ಅಲೆ, ಸರ್ಫಿಂಗ್. ಅಲ್ಲಿ 1976ರ ಸೆಪ್ಟೆಂಬರ್ 10ರಂದು ಗುಗಾ ಹುಟ್ಟಿದ. ಅಪ್ಪ ಅಲ್ಡೊ, ಆಟದ ಹುಚ್ಚಿದ್ದ ಮನುಷ್ಯ. ಮಗನ ಕೈಗೆ ರಾಕೆಟ್ ಬಂದಿದ್ದು ಆ ಹುಚ್ಚಿನಿಂದಲೇ. 1985ರಲ್ಲಿ ಮಕ್ಕಳ ಟೆನಿಸ್ ಪಂದ್ಯವೊಂದಕ್ಕೆ ಅಂಪೈರ್ ಆಗಿ ಕೂತಿದ್ದಾಗಲೇ ಅಲ್ಡೊ ಹೃದಯಾಘಾತದಿಂದ ತೀರಿಕೊಂಡರು. ಗುಗಾಗೆ ಆಗ ಎಂಟು ವರ್ಷ.

ಮೂವರು ಗಂಡುಮಕ್ಕಳ ಹೊಣೆ ತಾಯಿ ಅಲೀಸ್ ಹೆಗಲಿಗೆ ಬಿತ್ತು. ಕೊನೆಯವನು ಗಿಲೆರ್ಮೆ. ಹುಟ್ಟುವಾಗಲೇ ಮಿದುಳಿಗೆ ಆಮ್ಲಜನಕ ಸಾಲದೆ ಆದ ಹಾನಿ, ಸೆರೆಬ್ರಲ್ ಪಾಲ್ಸಿ. ಇನ್ನೊಬ್ಬರ ಆಸರೆ ಇಲ್ಲದೆ ಆ ಮಗುವಿಗೆ ದಿನ ಕಳೆಯೋದಿಲ್ಲ. ಇಂಥ ಮನೆಯಲ್ಲಿ ಎರಡನೇ ಮಗ ಟೆನಿಸ್ ಆಡಿಯೇ ಬದುಕ್ತೀನಿ ಅಂದರೆ ನಮ್ಮ ಮನೆಗಳಲ್ಲಿ ಏನು ಹೇಳ್ತೀವಿ? ‘ಮೊದಲು ಒಂದು ಡಿಗ್ರಿ ಮುಗಿಸಪ್ಪ.’ ಅಲೀಸ್ ಹಾಗನ್ನಲಿಲ್ಲ. ಅದಕ್ಕೆ ಲ್ಯಾರಿ ಪಾಸೊಸ್ ಅನ್ನೋ ಕೋಚ್ ಕಾರಣ. ಗುಗಾಗೆ ಹದಿನಾಲ್ಕು ವರ್ಷ ಇರುವಾಗ ಸಿಕ್ಕ ಈ ಮನುಷ್ಯ, ನಿಮ್ಮ ಹುಡುಗ ಟೆನಿಸ್‌ನಲ್ಲೇ ಅನ್ನ ಸಂಪಾದಿಸಬಲ್ಲ ಅಂತ ತಾಯಿಯನ್ನು ಒಪ್ಪಿಸಿದ. ಒಪ್ಪಿಸಿ ಸುಮ್ಮನಾಗಲಿಲ್ಲ. ಹುಡುಗನನ್ನು ಕರೆದುಕೊಂಡು ದೇಶ ದೇಶ ಸುತ್ತಿದ. ಅಪ್ಪ ಇಲ್ಲದ ಹುಡುಗನಿಗೆ ಕೋಚ್ ಅಂದ್ರೆ ಕೋಚ್ ಮಾತ್ರ ಆಗಿರಲ್ಲ ಅಲ್ವಾ?

ಇಲ್ಲಿ ಒಂದು ಮಾತು ಗಮನಿಸಿ. ಈ ಕಥೆಯಲ್ಲಿ ಇಲ್ಲಿಯವರೆಗೆ ಬ್ರೆಜಿಲ್ ಅನ್ನೋ ದೇಶ ಎಲ್ಲಿದೆ? ಎಲ್ಲೂ ಇಲ್ಲ. ಒಬ್ಬ ತಾಯಿ ಇದ್ದಾರೆ, ಒಬ್ಬ ಕೋಚ್ ಇದ್ದಾನೆ, ಅಷ್ಟೇ.

ಈಗ ಸ್ವಲ್ಪ ಅಂಕಣದ ವಿಚಾರ. ಟೆನಿಸ್ ನೋಡದವರಿಗೆ ಇದು ಗೊತ್ತಿರಲಿ, ಇಲ್ಲಾಂದ್ರೆ ಮುಂದಿನ ಮಜಾ ಗೊತ್ತಾಗಲ್ಲ. ಫ್ರೆಂಚ್ ಓಪನ್ ನಡೆಯೋದು ಪ್ಯಾರಿಸ್‌ನ ರೋಲ್ಯಾಂಡ್ ಗ್ಯಾರೋಸ್‌ನಲ್ಲಿ, ಆವೆಮಣ್ಣಿನ ಅಂಕಣದ ಮೇಲೆ. ಕ್ಲೇ ಕೋರ್ಟ್ ಅಂತ ಹೆಸರು, ಆದರೆ ಮೇಲೆ ಕಾಣೋ ಕೆಂಪು ಮಣ್ಣೇ ಅಲ್ಲ. ಅದು ನುಣ್ಣಗೆ ಅರೆದ ಇಟ್ಟಿಗೆ ಪುಡಿ. ಒಂದೆರಡು ಮಿಲಿಮೀಟರ್ ದಪ್ಪ, ಅಷ್ಟೇ. ಅದರ ಕೆಳಗೆ ಸುಣ್ಣಕಲ್ಲಿನ ಪುಡಿ, ಅದರ ಕೆಳಗೆ ಕಲ್ಲಿದ್ದಲು ಸುಟ್ಟು ಉಳಿದ ಕಿಟ್ಟ, ಇನ್ನೂ ಕೆಳಗೆ ಜಲ್ಲಿ. ಮದುವೆ ಮನೆಯ ಚಿರೋಟಿ ಥರ ಪದರ ಪದರ. ಈ ಪುಡಿ ಏನು ಮಾಡುತ್ತೆ? ಬಿದ್ದ ಚೆಂಡಿನ ವೇಗ ಹಿಡಿದುಬಿಡುತ್ತೆ. ಚೆಂಡು ನಿಧಾನ ಆಗುತ್ತೆ, ಆದರೆ ಎತ್ತರಕ್ಕೆ ಪುಟಿಯುತ್ತೆ. ಹುಲ್ಲಿನ ಅಂಕಣದಲ್ಲಿ ಒಂದೇ ಏಟಿಗೆ ಮುಗಿಯೋ ಸರ್ವ್ ಇಲ್ಲಿ ವಾಪಸ್ ಬರುತ್ತೆ. ಒಂದು ಪಾಯಿಂಟ್‌ಗೆ ಹತ್ತು ಸಲ, ಇಪ್ಪತ್ತು ಸಲ ಹೊಡೀಬೇಕು. ಆಟಗಾರ ಓಡಿ ನಿಲ್ಲೋದಿಲ್ಲ, ಜಾರ್ತಾ ಜಾರ್ತಾ ಹೊಡೀತಾನೆ. ಸಂಪ್ರಾಸ್‌ನಂಥ ಸಂಪ್ರಾಸ್ ಹದಿನಾಲ್ಕು ಗ್ರ್ಯಾಂಡ್ ಸ್ಲಾಂ ಗೆದ್ದರೂ ಈ ಇಟ್ಟಿಗೆ ಪುಡಿಯ ಮೇಲೆ ಒಂದೂ ಗೆಲ್ಲಲಾಗಲಿಲ್ಲ.

ಕ್ಲೇ ಕೋರ್ಟಿನವರು ಅಂದರೆ ಆಗೆಲ್ಲ ಹಿಂದೆ ನಿಂತು, ಎದುರಾಳಿ ತಪ್ಪು ಮಾಡೋವರೆಗೂ ಚೆಂಡು ವಾಪಸ್ ಕಳಿಸ್ತಾ ಇರೋರು ಅನ್ನೋ ಮಾತಿತ್ತು. ಗುಗಾ ಕಾಯುತ್ತಿರಲಿಲ್ಲ. ಒಂದೇ ಕೈಯ ಬ್ಯಾಕ್‌ಹ್ಯಾಂಡ್‌ನಲ್ಲಿ, ಮೈಯೆಲ್ಲ ತಿರುಗಿಸಿ, ಗೆರೆಯುದ್ದಕ್ಕೂ ಹೊಡೀತಿದ್ದ. ಜೊತೆಗೆ ಕೈಯಲ್ಲಿ ಇನ್ನೊಂದು ಅಸ್ತ್ರ ಇತ್ತು, ರಾಕೆಟ್‌ನ ಗಟ್. ಆಗಿನ ದೊಡ್ಡ ಆಟಗಾರರು ಬಹುತೇಕ ಪ್ರಾಣಿಯ ಕರುಳಿನಿಂದ ಮಾಡಿದ ಗಟ್ ಅಥವಾ ನೈಲಾನ್ ಹಾಕಿಸ್ತಿದ್ದರು. ಗುಗಾ ಹಾಕಿಸಿಕೊಂಡಿದ್ದು ಬೆಲ್ಜಿಯಂನ ಲಕ್ಸಿಲಾನ್ ಕಂಪನಿಯ ಬಿರುಸಾದ ಪಾಲಿಯೆಸ್ಟರ್ ಗಟ್. ಅದರಲ್ಲಿ ಎಷ್ಟೇ ಜೋರಾಗಿ ಬೀಸಿದರೂ ಚೆಂಡು ಗಿರಗಿರ ತಿರುಗಿ ಕೊನೇ ಗಳಿಗೆಯಲ್ಲಿ ಗೆರೆಯ ಒಳಗೇ ಬೀಳುತ್ತೆ. ಇವತ್ತು ಟೂರ್‌ನಲ್ಲಿ ಆಡುವ ಹೆಚ್ಚುಕಡಿಮೆ ಎಲ್ಲರೂ ಆ ಜಾತಿಯ ಗಟ್ ಬಳಸ್ತಾರೆ. ಅದನ್ನು ಹಿಡಿದು ಮೊದಲು ಗ್ರ್ಯಾಂಡ್ ಸ್ಲಾಂ ಗೆದ್ದು ತೋರಿಸಿದವನು ಈ ದ್ವೀಪದ ಹುಡುಗ.

1997ರ ಮೇ ಕೊನೆಯಲ್ಲಿ ಆತ ಪ್ಯಾರಿಸ್‌ಗೆ ಬಂದಾಗ ರ‍್ಯಾಂಕಿಂಗ್ 66. ಅಲ್ಲಿವರೆಗೆ ಎಟಿಪಿ ಟೂರ್‌ನಲ್ಲಿ ಒಂದು ಸಿಂಗಲ್ಸ್ ಪ್ರಶಸ್ತಿ ಇಲ್ಲ, ಒಂದು ಸಿಂಗಲ್ಸ್ ಫೈನಲ್ ಕೂಡ ಆಡಿಲ್ಲ. ಮೈಮೇಲೆ ನೀಲಿ-ಹಳದಿಯ ಕಣ್ಣು ಕುಕ್ಕುವ ಬಟ್ಟೆ. ಟೆನಿಸ್‌ನ ಸಭ್ಯಸ್ಥರಿಗೆ ಆ ಬಟ್ಟೆ ನೋಡಿಯೇ ಮುಜುಗರ. ಮೂರನೇ ಸುತ್ತಿನಲ್ಲಿ ಎದುರಾದವನು ಆಸ್ಟ್ರಿಯಾದ ಥಾಮಸ್ ಮಸ್ಟರ್, 1995ರ ಚಾಂಪಿಯನ್. ಐದು ಸೆಟ್, ಗುಗಾ ಗೆದ್ದ. ಮುಂದೆ ಉಕ್ರೇನಿನ ಮೆಡ್ವೆಡೆವ್. ಮತ್ತೆ ಐದು ಸೆಟ್, ಗುಗಾ ಗೆದ್ದ. ಕ್ವಾರ್ಟರ್‌ಫೈನಲ್‌ನಲ್ಲಿ ರಷ್ಯಾದ ಕಫೆಲ್ನಿಕೊವ್, ಹಿಂದಿನ ವರ್ಷದ ಚಾಂಪಿಯನ್. ಮತ್ತೂ ಐದು ಸೆಟ್! ನಾಲ್ಕನೇ ಸೆಟ್ 6-0. ಮೈಯಲ್ಲಿ ಕಸುವು ಉಳಿದಿರಬಾರದ ಹೊತ್ತಿನಲ್ಲಿ ಎದುರಾಳಿಗೆ ಒಂದೇ ಒಂದು ಗೇಮ್ ಬಿಟ್ಟುಕೊಡಲಿಲ್ಲ ಅಂದರೆ ಯೋಚನೆ ಮಾಡಿ. ಜೂನ್ 8ರ ಫೈನಲ್‌ನಲ್ಲಿ ಸ್ಪೇನಿನ ಬ್ರುಗೇರಾ, 1993 ಮತ್ತು 1994ರ ಚಾಂಪಿಯನ್. ಎಲ್ಲರೂ ಮತ್ತೊಂದು ಐದು ಸೆಟ್‌ಗೆ ಸಿದ್ಧವಾಗಿ ಕೂತಿದ್ದರು. 6-3, 6-4, 6-2. ಮುಗಿದೇ ಹೋಯಿತು.

ಒಂದೇ ಟೂರ್ನಿಯಲ್ಲಿ ಮೂವರು ಮಾಜಿ ಚಾಂಪಿಯನ್ನರನ್ನು ಉರುಳಿಸಿ, ತನ್ನ ಮೊದಲ ಎಟಿಪಿ ಸಿಂಗಲ್ಸ್ ಪ್ರಶಸ್ತಿಯಾಗಿ ಗ್ರ್ಯಾಂಡ್ ಸ್ಲಾಂ ಹೊತ್ತುಕೊಂಡು ಹೋದ. ‘ಐತಿಹಾಸಿಕ’ ಅನ್ನೋ ಪದ ಸುದ್ದಿಮನೆಗಳಲ್ಲಿ ಉಜ್ಜಿ ಉಜ್ಜಿ ಸವೆದುಹೋಗಿದೆ, ಆದರೆ ಇಲ್ಲಿ ಅದನ್ನು ಧೈರ್ಯವಾಗಿ ಬಳಸಬಹುದು. ಬ್ರೆಜಿಲ್‌ನ ಮಾರಿಯಾ ಎಸ್ತರ್ ಬ್ವೇನೊ 1959ರಿಂದಲೇ ವಿಂಬಲ್ಡನ್, ಅಮೆರಿಕ ಎರಡೂ ಕಡೆ ಗೆದ್ದು ಏಳು ಸಿಂಗಲ್ಸ್ ಪ್ರಶಸ್ತಿ ತಂದಿದ್ದರು. ಆದರೆ ಆ ದೇಶದ ಯಾವ ಗಂಡಸೂ ಗ್ರ್ಯಾಂಡ್ ಸ್ಲಾಂ ಸಿಂಗಲ್ಸ್ ಗೆದ್ದಿರಲಿಲ್ಲ.

ಅದೇ ಪ್ಯಾರಿಸ್, ಅದೇ ಹದಿನೈದು ದಿನ, ನಮ್ಮದೂ ಒಂದು ಕಥೆ ಇದೆ. ನಮ್ಮ ಬೆಂಗಳೂರಿನ ಮಹೇಶ್ ಭೂಪತಿ ಜಪಾನಿನ ರಿಕಾ ಹಿರಾಕಿ ಜೊತೆ ಮಿಕ್ಸೆಡ್ ಡಬಲ್ಸ್ ಗೆದ್ದು, ಗ್ರ್ಯಾಂಡ್ ಸ್ಲಾಂ ಗೆದ್ದ ಮೊದಲ ಭಾರತೀಯ ಆದರು. ಅವರನ್ನು ತಯಾರು ಮಾಡಿದ್ದು ಯಾರು? ಅಪ್ಪ ಕೃಷ್ಣ ಭೂಪತಿ. ಇಪ್ಪತ್ತು ವರ್ಷದ ನಂತರ, 2017ರಲ್ಲಿ, ಅದೇ ಅಂಕಣದಲ್ಲಿ ಕೊಡಗಿನ ರೋಹನ್ ಬೋಪಣ್ಣ ಮಿಕ್ಸೆಡ್ ಡಬಲ್ಸ್ ಗೆದ್ದರು. ಬೆನ್ನ ಹಿಂದೆ ಇದ್ದದ್ದು ಯಾರು? ಕಾಫಿ ತೋಟದ ಒಂದು ಕುಟುಂಬ. ಬ್ರೆಜಿಲ್ ಆಗಲಿ ನಾವಾಗಲಿ, ಟೆನಿಸ್ ವಿಷಯದಲ್ಲಿ ಮನೆಯವರು ಬೆಳೆಸಿದ ಮರದ ಹಣ್ಣನ್ನು ದೇಶ ತಿಂದಿದೆ.

ಬ್ರೆಜಿಲ್‌ಗೆ ಆ ಹಣ್ಣು ಬೇಕಾಗಿದ್ದ ಕಾಲ ಅದು. 1994ರ ಮೇ 1ರಂದು ಕಾರ್ ರೇಸ್‌ನಲ್ಲಿ ಅಯರ್ಟನ್ ಸೆನ್ನಾ ಸತ್ತಾಗ ಇಡೀ ದೇಶ ಬೀದಿಗೆ ಬಂದು ಅತ್ತಿತ್ತು. ಅದೇ ವರ್ಷ ಫುಟ್‌ಬಾಲ್ ವಿಶ್ವಕಪ್ ಬಂತು, ನಿಜ. ಆದರೆ 1998ರ ಫೈನಲ್‌ನಲ್ಲಿ, ಪ್ಯಾರಿಸ್‌ನ ಮಗ್ಗುಲಲ್ಲೇ, ಫ್ರಾನ್ಸ್ ವಿರುದ್ಧ 0-3 ಸೋಲು. 2000ದ ಸಿಡ್ನಿ ಒಲಿಂಪಿಕ್ಸ್‌ಗೆ ಹೋದ ಬ್ರೆಜಿಲ್ ಆರು ಬೆಳ್ಳಿ, ಆರು ಕಂಚು ತಂದಿತು. ಚಿನ್ನ? ಒಂದೂ ಇಲ್ಲ. ಗುಗಾ ಕೂಡ ಅಲ್ಲಿ ಕ್ವಾರ್ಟರ್‌ಫೈನಲ್‌ನಲ್ಲಿ ಕಫೆಲ್ನಿಕೊವ್‌ಗೆ ಸೋತ.

ಆದರೆ ಆ ವರ್ಷ ಗುಗಾ ಪಾಲಿಗೆ ಅಲ್ಲಿಗೆ ಮುಗೀಲಿಲ್ಲ. ಜೂನ್‌ನಲ್ಲೇ ಸ್ವೀಡನ್ನಿನ ಮ್ಯಾಗ್ನಸ್ ನಾರ್ಮನ್‌ನನ್ನು ಸೋಲಿಸಿ ಎರಡನೇ ಫ್ರೆಂಚ್ ಓಪನ್ ಗೆದ್ದಿದ್ದ. ಮೊದಲ ಮ್ಯಾಚ್ ಪಾಯಿಂಟ್‌ನಲ್ಲಿ ಎದುರಾಳಿಯ ಚೆಂಡು ಹೊರಗೆ ಬಿತ್ತು, ಗೆದ್ದೇಬಿಟ್ಟೆ ಅಂದುಕೊಂಡ. ಅಂಪೈರ್ ಇಳಿದು ಬಂದು, ಇಟ್ಟಿಗೆ ಪುಡಿಯ ಮೇಲಿನ ಗುರುತು ನೋಡಿ, ಒಳಗೇ ಬಿದ್ದಿದೆ ಅಂದರು. ಕೊನೆಗೆ ಗೆದ್ದಿದ್ದು ಹನ್ನೊಂದನೇ ಮ್ಯಾಚ್ ಪಾಯಿಂಟ್‌ನಲ್ಲಿ! ವರ್ಷದ ಕೊನೆಗೆ ಲಿಸ್ಬನ್‌ನಲ್ಲಿ ಮಾಸ್ಟರ್ಸ್ ಕಪ್. ಅಲ್ಲಿ ಆವೆಮಣ್ಣಿಲ್ಲ, ಒಳಾಂಗಣದ ಗಟ್ಟಿ ಅಂಕಣ. ನಂಬರ್ ಒನ್ ಆಗಿ ವರ್ಷ ಮುಗಿಸಬೇಕಾದರೆ ಗುಗಾ ಪ್ರಶಸ್ತಿಯನ್ನೇ ಗೆಲ್ಲಬೇಕು. ಇಲ್ಲಾಂದ್ರೆ ರಷ್ಯಾದ ಸಾಫಿನ್ ನಂಬರ್ ಒನ್. ಗುಗಾ ಮೊದಲ ಪಂದ್ಯವನ್ನೇ ಅಗಾಸಿಗೆ ಸೋತ. ಕ್ಲೇ ಕೋರ್ಟಿನ ಹುಡುಗನಿಗೆ ಇಲ್ಲೇನು ಕೆಲಸ ಅನ್ನುವವರಿಗೆ ಬಾಯಿಗೆ ಎಲೆ ಅಡಿಕೆ ಸಿಕ್ಕ ಹಾಗಾಯಿತು. ಆಮೇಲೆ? ಸೆಮಿಫೈನಲ್‌ನಲ್ಲಿ ಸಂಪ್ರಾಸ್‌ನನ್ನು ಸೋಲಿಸಿದ. ಫೈನಲ್‌ನಲ್ಲಿ ಅದೇ ಅಗಾಸಿಯನ್ನು 6-4, 6-4, 6-4. ವರ್ಷಾಂತ್ಯಕ್ಕೆ ನಂಬರ್ ಒನ್ ಆದ ಮೊದಲ ದಕ್ಷಿಣ ಅಮೆರಿಕದ ಆಟಗಾರ. ಹಿಂದಿನ ಎಂಟು ವರ್ಷವೂ ಆ ಜಾಗದಲ್ಲಿ ಅಮೆರಿಕದವರೇ ಕೂತಿದ್ದರು. ಇದಾಗಿದ್ದು ಲಿಸ್ಬನ್‌ನಲ್ಲಿ, ಒಂದು ಕಾಲಕ್ಕೆ ಬ್ರೆಜಿಲನ್ನು ಆಳಿದ ಪೋರ್ಚುಗಲ್‌ನ ರಾಜಧಾನಿಯಲ್ಲಿ. ಗುಗಾ ತನ್ನ ಮಾತೃಭಾಷೆಯಲ್ಲೇ ಅಲ್ಲಿನ ಜನಕ್ಕೆ ಕೃತಜ್ಞತೆ ಹೇಳಬಹುದಾಗಿತ್ತು. ಸಿಡ್ನಿಯಿಂದ ಚಿನ್ನವಿಲ್ಲದೆ ಬಂದ ದೇಶಕ್ಕೆ ಅದು ಎಂಥ ಸಮಾಧಾನ ಅಂತ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. 1996ರಲ್ಲಿ ಅಟ್ಲಾಂಟಾದಲ್ಲಿ ಲಿಯಾಂಡರ್ ಪೇಸ್ ಒಂದು ಕಂಚು ತಂದಾಗ ನಾವು ಹೇಗೆ ಕುಣಿದಿದ್ದೆವು ನೆನಪಿದೆಯಲ್ಲ? ಅಂದಹಾಗೆ, ಆ ಕಂಚಿನ ಪಂದ್ಯದಲ್ಲಿ ಪೇಸ್‌ಗೆ ಸೋತವನು ಬ್ರೆಜಿಲ್‌ನ ಮೆಲಿಜೆನಿ.

ಆದರೂ ನನ್ನ ಲೆಕ್ಕದಲ್ಲಿ ಗುಗಾ ರಾಷ್ಟ್ರವೀರ ಆಗಿದ್ದು ಲಿಸ್ಬನ್‌ನಲ್ಲಿ ಅಲ್ಲ. 2001ರ ಫ್ರೆಂಚ್ ಓಪನ್‌ನ ಒಂದು ನಾಲ್ಕನೇ ಸುತ್ತಿನ ಪಂದ್ಯದಲ್ಲಿ. ಎದುರಾಳಿ ಅಮೆರಿಕದ ಮೈಕೆಲ್ ರಸೆಲ್, ಅರ್ಹತಾ ಸುತ್ತು ಆಡಿ ಒಳಗೆ ಬಂದವನು. ಗುಗಾ ಮೊದಲ ಎರಡು ಸೆಟ್ ಕಳೆದುಕೊಂಡ. ಮೂರನೆಯದರಲ್ಲಿ 3-5, ಮ್ಯಾಚ್ ಪಾಯಿಂಟ್. ಒಂದು ಚೆಂಡು ತಪ್ಪಿದರೆ ನಂಬರ್ ಒನ್ ಆಟಗಾರ ಮನೆಗೆ. ಆ ಒಂದು ಪಾಯಿಂಟ್ ಎಳೆದು ಎಳೆದು ಸಾಗಿತು, ಗುಗಾ ಉಳಿದುಕೊಂಡ. ಆ ಸೆಟ್ ಗೆದ್ದ, ಮುಂದಿನದೂ ಗೆದ್ದ, ಐದನೆಯದು 6-1. ಗೆದ್ದ ಮೇಲೆ ಕೈ ಮೇಲೆತ್ತಿ ಕೂಗಲಿಲ್ಲ. ರಾಕೆಟ್‌ನ ತುದಿಯಿಂದ ಆ ಕೆಂಪು ಪುಡಿಯ ಮೇಲೆ ಒಂದು ದೊಡ್ಡ ಹೃದಯ ಬರೆದ. ಬರೆದು ಅದರ ಒಳಗೆ ಮಂಡಿಯೂರಿದ, ಆಮೇಲೆ ಮಲಗಿಬಿಟ್ಟ.

ಟಿ.ವಿ. ಕ್ಯಾಮೆರಾ ಏನು ಮಾಡಬಲ್ಲದು ಅನ್ನೋದು ನನ್ನ ಕಸುಬಿನಿಂದಾಗಿ ನನಗೆ ಸ್ವಲ್ಪ ಗೊತ್ತು. ಮೂರು ಗಂಟೆಯ ಪಂದ್ಯ ಯಾರಿಗೂ ನೆನಪಿರಲ್ಲ, ಒಂದು ಚಿತ್ರ ಉಳಿಯುತ್ತೆ. ಈಗ ಗೆದ್ದವರೆಲ್ಲ ಕ್ಯಾಮೆರಾ ನೋಡಿ ಹೃದಯದ ಆಕಾರ ಮಾಡ್ತಾರೆ, ಅಭ್ಯಾಸ ಮಾಡಿಕೊಂಡೇ ಬಂದಿರ್ತಾರೆ. ಗುಗಾ ಮಾಡಿದ್ದು ಸೋತೇಹೋಗಿದ್ದವನ ಕೃತಜ್ಞತೆ. ಆ ಸಲ ಫೈನಲ್‌ನಲ್ಲಿ ಸ್ಪೇನಿನ ಕೊರೆಟ್ಯಾಗೆ ಮೊದಲ ಸೆಟ್ ಕಳೆದುಕೊಂಡರೂ ಕೊನೇ ಸೆಟ್ 6-0 ಮಾಡಿ ಮೂರನೇ ಕಪ್ ಎತ್ತಿದ. ಮತ್ತೆ ಹೃದಯ ಬರೆದ.

ಇನ್ನೊಂದು ವಿಷಯ ಆ ಜನಕ್ಕೆ ಗೊತ್ತಿತ್ತು. ಗೆದ್ದ ಪ್ರತಿ ಟ್ರೋಫಿಯನ್ನೂ ಗುಗಾ ತಮ್ಮ ಗಿಲೆರ್ಮೆಗೆ ತಂದುಕೊಡುತ್ತಿದ್ದ. ಟೆನಿಸ್ ಏನು, ಪ್ಯಾರಿಸ್ ಏನು ಅಂತ ತಿಳಿಯದ ತಮ್ಮನಿಗೆ ಜಗತ್ತಿನ ನಂಬರ್ ಒನ್ ಅಣ್ಣ ಕಪ್ ತಂದು ಕೊಡೋದು. ದುಡ್ಡು ಬಂದ ಟೆನಿಸ್ ಆಟಗಾರರು ತೆರಿಗೆ ಇಲ್ಲ ಅಂತ ಮೊನಾಕೊಗೆ ಮನೆ ಬದಲಾಯಿಸಿದ್ದನ್ನು ಎಷ್ಟು ನೋಡಿಲ್ಲ? ಈತನ ಮನೆ ಫ್ಲೊರಿಯಾನೊಪೊಲಿಸ್‌ನಲ್ಲೇ ಉಳಿಯಿತು. 2000ದಲ್ಲಿ ಕುಟುಂಬದವರು ಸೇರಿ ಅಲ್ಲೇ ಗುಗಾ ಕುರ್ಟೆನ್ ಸಂಸ್ಥೆ ಕಟ್ಟಿದರು. ಅಂಗವೈಕಲ್ಯ ಇರುವವರಿಗೆ, ಆಟದ ಮೈದಾನ ಕಾಣದ ಬಡ ಮಕ್ಕಳಿಗೆ ಅದು ಕೆಲಸ ಮಾಡುತ್ತೆ.

ಆಮೇಲಿನದು ಸಂತೋಷದ ಕಥೆ ಅಲ್ಲ. ಸೊಂಟದ ಕೀಲು ಹೋಯಿತು. ಗುಗಾ ಹೊಡೆತದ ಬಲವೆಲ್ಲ ಸೊಂಟದ ತಿರುವಿನಲ್ಲಿತ್ತು. ಬರೀ 25ನೇ ವಯಸ್ಸಿನಲ್ಲಿ, 2002ರ ಫೆಬ್ರವರಿಯಲ್ಲಿ, ಮೊದಲ ಆಪರೇಷನ್. 2004ರಲ್ಲಿ ಮತ್ತೊಂದು. ಆಮೇಲೆ ಮಗದೊಂದು. ನಡುವೆ ಒಂದೇ ಒಂದು ಸಲ ಹಳೇ ಗುಗಾ ಕಾಣಿಸಿದ. 2004ರ ಫ್ರೆಂಚ್ ಓಪನ್, ಮೂರನೇ ಸುತ್ತು, ಎದುರಿಗೆ ನಂಬರ್ ಒನ್ ರೋಜರ್ ಫೆಡರರ್. ಗುಗಾ 6-4, 6-4, 6-4 ಅಂತ ಮೂರೇ ಸೆಟ್‌ನಲ್ಲಿ ಮುಗಿಸಿದ. ಆ ದಿನದ ನಂತರ ಫೆಡರರ್ ಸತತ 36 ಗ್ರ್ಯಾಂಡ್ ಸ್ಲಾಂಗಳಲ್ಲಿ ಕ್ವಾರ್ಟರ್‌ಫೈನಲ್‌ಗಿಂತ ಮೊದಲು ಸೋಲಲೇ ಇಲ್ಲ, 2013ರ ವಿಂಬಲ್ಡನ್‌ವರೆಗೆ. ಒಂದು ಕೀಲು ಕೆಟ್ಟವನು ಮಾಡಿದ್ದನ್ನು ಎರಡೂ ಕೀಲು ನೆಟ್ಟಗಿದ್ದವರು ಒಂಬತ್ತು ವರ್ಷ ಮಾಡಲಿಲ್ಲ! 2007ರ ನವೆಂಬರ್‌ನಲ್ಲಿ ಗಿಲೆರ್ಮೆ ತೀರಿಕೊಂಡ. ಅದಾಗಿ ಕೆಲವೇ ತಿಂಗಳಲ್ಲಿ ಗುಗಾ ಆಟಕ್ಕೆ ವಿದಾಯ ಹೇಳಿದ.

ನನಗೆ ಬೇಸರ ಆಗೋದು ಬೇರೆ ಕಡೆ. ಇಷ್ಟೊಂದು ಪ್ರೀತಿಸಿದ ದೇಶ ಆ ಪ್ರೀತಿಯನ್ನು ಏನು ಮಾಡಿತು? 1997ರ ಆ ಭಾನುವಾರದ ಮೇಲೆ ಊರೂರಲ್ಲಿ ಹುಡುಗರು ರಾಕೆಟ್ ಹಿಡಿದರು. ಆದರೆ ಅಂಕಣ, ಕೋಚ್, ವಿದೇಶಕ್ಕೆ ಕಳಿಸೋ ಖರ್ಚು, ಇವೆಲ್ಲ ಜೈಕಾರದಿಂದ ಹುಟ್ಟಲ್ಲ. ಗುಗಾ ಆದ ಮೇಲೆ ಬ್ರೆಜಿಲ್‌ನಿಂದ ಇನ್ನೊಬ್ಬ ಗ್ರ್ಯಾಂಡ್ ಸ್ಲಾಂ ಸಿಂಗಲ್ಸ್ ಚಾಂಪಿಯನ್ ಬಂದಿಲ್ಲ. 2023ರಲ್ಲಿ ಬಿಯಾ ಹದ್ದಾದ್ ಮಾಯಾ ಫ್ರೆಂಚ್ ಓಪನ್ ಸೆಮಿಫೈನಲ್ ತಲುಪಿದಾಗ, ಅಷ್ಟು ದೂರ ಬಂದ ಬ್ರೆಜಿಲ್ ಮಹಿಳೆಗಾಗಿ ಹುಡುಕಿದರೆ 1968ರ ಬ್ವೇನೊ ತನಕ ಹಿಂದೆ ಹೋಗಬೇಕಾಯಿತು. ಈಗ ರಿಯೊದ ಜೊವಾವ್ ಫೊನ್ಸೆಕಾ ಅನ್ನೋ ಹುಡುಗ ಬಂದಿದ್ದಾನೆ. 2025ರಲ್ಲಿ, 18ರ ವಯಸ್ಸಿನಲ್ಲಿ, ಬ್ಯೂನಸ್ ಐರಿಸ್‌ನ ಆವೆಮಣ್ಣಿನ ಮೇಲೆ ಎಟಿಪಿ ಪ್ರಶಸ್ತಿ ಗೆದ್ದ. ಮರುದಿನದಿಂದಲೇ ಶುರು: ಇವನು ಹೊಸ ಗುಗಾನಾ? ಪಾಪ, ಆ ಹುಡುಗನನ್ನು ಆಡೋದಕ್ಕೆ ಬಿಡಿ ಸ್ವಾಮಿ.

ಇಷ್ಟೆಲ್ಲ ಹೇಳಿ ಆ ಕೊನೇ ಪಂದ್ಯದ ಬಗ್ಗೆ ಹೇಳದಿದ್ದರೆ ಸರಿ ಹೋಗಲ್ಲ. 2008ರ ಮೇ 25, ಭಾನುವಾರ, ರೋಲ್ಯಾಂಡ್ ಗ್ಯಾರೋಸ್‌ನ ಮುಖ್ಯ ಅಂಕಣ. ಮೊದಲ ಸುತ್ತು, ಎದುರಾಳಿ ಫ್ರಾನ್ಸ್‌ನ ಪಾಲ್-ಹೆನ್ರಿ ಮಾಥ್ಯೂ. ಗುಗಾ ಅಂಕಣಕ್ಕೆ ಬಂದ. ಮೈಮೇಲೆ 1997ರ ಅದೇ ನೀಲಿ-ಹಳದಿಯ ಬಟ್ಟೆ. ನೇರ ಮೂರು ಸೆಟ್‌ನಲ್ಲಿ ಸೋತ. ಜನ ಎದ್ದು ನಿಂತರು, ಆತ ಟವೆಲ್‌ನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಫ್ರೆಂಚ್ ಟೆನಿಸ್ ಫೆಡರೇಷನ್‌ನವರು ಆತನಿಗೆ ಒಂದು ಉಡುಗೊರೆ ಕೊಟ್ಟರು. ಬೆಳ್ಳಿಯದಲ್ಲ, ಬಂಗಾರದ್ದೂ ಅಲ್ಲ. ಆ ಅಂಕಣದ ಒಂದು ತುಂಡು. ಅಡಿಯಲ್ಲಿ ಜಲ್ಲಿ, ಅದರ ಮೇಲೆ ಕಿಟ್ಟ, ಅದರ ಮೇಲೆ ಸುಣ್ಣಕಲ್ಲು, ಎಲ್ಲದರ ಮೇಲೆ ಒಂದೆರಡು ಮಿಲಿಮೀಟರ್ ಇಟ್ಟಿಗೆ ಪುಡಿ.